ಹಿಮೋಫಿಲಿಯಾ ಇರುವ ಮಗನ ಮುಂದಿನ ಹಲ್ಲು ಕಿತ್ತುಬಂದ ದಿನ, ಮತ್ತು ಆಮೇಲಿನ ಮೂರು ತಿಂಗಳು

ಶಾಲೆಯಿಂದ ಫೋನ್ ಬಂದಾಗ ಬೆಳಿಗ್ಗೆ 11 ಗಂಟೆ ದಾಟಿ ಹತ್ತು ನಿಮಿಷ. ಆಟದ ಮೇಷ್ಟ್ರು. "ಮೇಡಂ, ಮಗು ಓಡ್ತಾ ಓಡ್ತಾ ಮುಗ್ಗರಿಸಿ ಬಿದ್ದ. ಬಾಯಿಗೆ ಪೆಟ್ಟಾಗಿದೆ. ಮುಂದಿನ ಹಲ್ಲು ಒಂದು ಪೂರ್ತಿ ಕಿತ್ತು ಬಂದ್ಬಿಟ್ಟಿದೆ" ಅಂದರು. ಅವರ ಮಾತಿನ ಹಿಂದೆ ಮಗ ಅಳುವುದು ಕೇಳಿಸುತ್ತಿತ್ತು. ಅಳುತ್ತಿದ್ದಾನೆ ಅಂದರೆ ಎಚ್ಚರ ತಪ್ಪಿಲ್ಲ. ಆ ಹೊತ್ತಿಗೆ ನನಗೆ ಸಿಕ್ಕ ಸಮಾಧಾನ ಅಷ್ಟೇ.

ಮಗನಿಗೆ ಎಂಟು ವರ್ಷ, 26 ಕಿಲೋ ತೂಕ. ತೀವ್ರ ಸ್ವರೂಪದ ಹಿಮೋಫಿಲಿಯಾ ಎ, ಕನ್ನಡದಲ್ಲಿ ಕುಸುಮರೋಗ ಅನ್ನುತ್ತಾರಲ್ಲ, ಅದು. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಅವನಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಮೂರರಲ್ಲಿ ಸುಮಾರು ಒಂದು ಮಗುವಿಗೆ ಹೀಗೆ ಹಿನ್ನೆಲೆಯೇ ಇಲ್ಲದೆ ಬರುತ್ತದಂತೆ. ನಮಗೆ ಕಾಯಿಲೆ ಗೊತ್ತಾದದ್ದೂ ಬಾಯಿಯಿಂದಲೇ. ಹನ್ನೊಂದು ತಿಂಗಳಲ್ಲಿ ನಿಲ್ಲಲು ಹೋಗಿ ಬಿದ್ದು, ಮೇಲ್ದುಟಿಯನ್ನು ವಸಡಿಗೆ ಕಟ್ಟಿರುವ ತೆಳು ಪೊರೆ ಹರಿದು, ಮೂರು ದಿನ ಬಿಟ್ಟು ಬಿಟ್ಟು ರಕ್ತ ಒಸರಿತ್ತು. ಸಣ್ಣ ಗಾಯ, ತಾನೇ ನಿಲ್ಲುತ್ತದೆ ಅಂತ ನಾವು ಕಾದಿದ್ದೆವು. ಆ ಮೂರು ದಿನ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮೇಷ್ಟ್ರು ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಹಲ್ಲು ಒಣಗಬಾರದು ಅನ್ನುವುದು ಎಲ್ಲೋ ಓದಿದ್ದು ಅದೃಷ್ಟಕ್ಕೆ ನೆನಪಾಯಿತು. "ಸರ್, ಬೇರಿನ ಕಡೆ ಮುಟ್ಟಬೇಡಿ, ಬಿಳಿ ಭಾಗ ಹಿಡಿದು ಹಾಲಿಗೆ ಹಾಕಿ" ಅಂದೆ. ಅಲ್ಲಿಗೆ ಹೋದಾಗ ಸ್ಟೀಲ್ ಲೋಟದ ತಳದಲ್ಲಿ, ಎರಡು ಬೆರಳು ಹಾಲಿನಲ್ಲಿ ಹಲ್ಲು ಮುಳುಗಿತ್ತು. ಇಷ್ಟು ದೊಡ್ಡದಿರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹೊರಗೆ ಕಾಣುವುದು ಚೂರು, ಬೇರಿನ ಭಾಗವೇ ಹೆಚ್ಚು. ಅದರ ತುದಿ ಮೊನಚಾಗಿರದೆ ಸಣ್ಣ ಕೊಳವೆಯ ಬಾಯಿಯಂತೆ ತೆರೆದಿತ್ತು. ಮುರಿದಿದೆ ಅಂತಲೇ ನಾನು ತಿಳಿದೆ. ಮುರಿದದ್ದಲ್ಲ, ಆ ವಯಸ್ಸಿಗೆ ಬೇರು ಇನ್ನೂ ಬೆಳೆಯುತ್ತಿರುತ್ತದೆ, ಅದು ಒಳ್ಳೆಯ ಸುದ್ದಿಯೇ ಅಂತ ಮಧ್ಯಾಹ್ನ ಹಲ್ಲಿನ ಡಾಕ್ಟರ್ ಹೇಳಿದರು.

ಓದುತ್ತಿರುವ ಅಪ್ಪ ಅಮ್ಮಂದಿರು ಇಷ್ಟನ್ನು ಶಾಲೆಯವರಿಗೆ ಇವತ್ತೇ ಹೇಳಿಬಿಡಿ. ಬಿದ್ದದ್ದು ಶಾಶ್ವತ ಹಲ್ಲಾದರೆ, ಬಿಳಿ ಭಾಗ ಹಿಡಿದು, ಮಣ್ಣಾಗಿದ್ದರೆ ಕೆಲವೇ ಸೆಕೆಂಡು ನೀರಿನಲ್ಲಿ ತೊಳೆದು, ಉಜ್ಜದೆ, ಸಾಧ್ಯವಾದರೆ ಅಲ್ಲೇ ಅದರ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸುವುದು ಎಲ್ಲಕ್ಕಿಂತ ಉತ್ತಮ. ಬಾಯಿತುಂಬ ರಕ್ತ ಇದ್ದ ಮಗುವಿಗೆ ಮೇಷ್ಟ್ರು ಅದನ್ನು ಮಾಡಲಾಗಲಿಲ್ಲ, ಅವರನ್ನು ನಾನು ದೂರುವುದಿಲ್ಲ. ಆಗದಿದ್ದರೆ ಹಾಲು. ಗಾಳಿಯಲ್ಲಿ ಒಣಗುತ್ತಾ ಒಂದು ಗಂಟೆ ಕಳೆದರೆ ಬೇರಿನ ಮೇಲಿನ ಜೀವಕೋಶಗಳು ಉಳಿಯುವುದು ಕಷ್ಟ. ನಮ್ಮದು ಒಣಗಿದ್ದು ಹತ್ತು ಹನ್ನೆರಡು ನಿಮಿಷ. ಹಾಲುಹಲ್ಲು ಬಿದ್ದರೆ ಮಾತ್ರ ಯಾವ ಕಾರಣಕ್ಕೂ ಹಿಂದಕ್ಕೆ ಕೂರಿಸಬೇಡಿ. ಅದರ ಹಿಂದೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗಬಹುದು.

ಹತ್ತಿರ ಇದೆ ಅಂತ ಮೊದಲು ಒಂದು ಹಲ್ಲಿನ ಕ್ಲಿನಿಕ್‌ಗೆ ಹೋದೆವು. ಹಿಮೋಫಿಲಿಯಾ ಅನ್ನುವ ಶಬ್ದ ಬಾಯಿಗೆ ಬಂದ ಕೂಡಲೇ ಅಲ್ಲಿನ ಡಾಕ್ಟರ್ ಕೈಗವಸು ಬಿಚ್ಚಿಬಿಟ್ಟರು. "ಇದು ನಮ್ಮಲ್ಲಿ ಆಗಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ." ಬಾಯಿಯೊಳಗೆ ಒಂದು ಸಲ ನೋಡಲೂ ಇಲ್ಲ. ಇಪ್ಪತ್ತು ನಿಮಿಷ ಅಲ್ಲಿ ಹೋಯಿತು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಫ್ಯಾಕ್ಟರ್ ಕೊಟ್ಟ ಮೇಲೆ ಈ ಮಕ್ಕಳ ಹಲ್ಲಿನ ಕೆಲಸ ಬೇರೆ ಮಕ್ಕಳ ಹಾಗೆಯೇ ಮಾಡಬಹುದು ಅನ್ನುವುದು ಹಲ್ಲಿನ ಡಾಕ್ಟರಿಗೇ ಗೊತ್ತಿಲ್ಲದಿದ್ದರೆ ನಾವು ಯಾರ ಹತ್ತಿರ ಹೋಗಬೇಕು?

ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬೇರೆಯದೇ ತೊಡಕು. ಡ್ಯೂಟಿಯಲ್ಲಿದ್ದ ಡಾಕ್ಟರ್ ಒಳ್ಳೆಯವರೇ. ಆದರೆ ಮೊದಲು ರಕ್ತ ಪರೀಕ್ಷೆ, ವರದಿ ಬಂದ ಮೇಲೆ ಮುಂದಿನದು ಅಂದರು. ವರದಿಗೆ ಎರಡು ಗಂಟೆ. ಮಗನ ಬಾಯಿಗೆ ಒತ್ತಿದ ಗಾಜ್ ಬಟ್ಟೆ ಐದೈದು ನಿಮಿಷಕ್ಕೆ ತೊಯ್ದು ಕೆಂಪಾಗುತ್ತಿತ್ತು. "ಡಾಕ್ಟ್ರೇ, ಇವನಿಗೆ ಏನಿದೆ ಅಂತ ಏಳು ವರ್ಷದಿಂದ ಗೊತ್ತು. ಮೊದಲು ಫ್ಯಾಕ್ಟರ್ ಕೊಡಿ, ಆಮೇಲೆ ಎಷ್ಟು ಪರೀಕ್ಷೆ ಬೇಕಾದರೂ ಮಾಡಿ" ಅಂತ ಕೈ ಮುಗಿದೆ. ಅಷ್ಟರಲ್ಲಿ ನಮ್ಮವರು ಮನೆಯ ಫ್ರಿಜ್‌ನಲ್ಲಿದ್ದ ಫ್ಯಾಕ್ಟರ್‌ನ ಆರು ವಯಲ್‌ಗಳನ್ನು (ಪುಟ್ಟ ಔಷಧದ ಸೀಸೆ) ಐಸ್ ಡಬ್ಬಿಯಲ್ಲಿಟ್ಟು ತಂದರು. ಹೊರಗಿನಿಂದ ತಂದ ಔಷಧ ಕೊಡಲು ಒಪ್ಪಿಗೆ ಪತ್ರ ಬೇಕಂತೆ, ಅದಕ್ಕೊಂದು ಫಾರಂ, ಫಾರಂಗೆ ಇನ್ನೊಬ್ಬರ ಸಹಿ. ಕೊನೆಗೆ ಕೆಲಸ ಮಾಡಿದ್ದು ಒಂದು ಕಾಗದ. ಮಗನ ಫೈಲಿನ ಮೊದಲ ಪುಟದಲ್ಲಿ, ನಮ್ಮ ರಕ್ತರೋಗ ತಜ್ಞರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ನಾಲ್ಕು ಸಾಲು: ಯಾವ ಕಾಯಿಲೆ, ಎಷ್ಟು ತೀವ್ರ, ಇನ್ಹಿಬಿಟರ್ (ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ಮೈಯೇ ಬೆಳೆಸಿಕೊಳ್ಳುವ ಪ್ರತಿಕಾಯ) ಇಲ್ಲ, ರಕ್ತಸ್ರಾವವಾದರೆ ಪರೀಕ್ಷೆಗೆ ಕಾಯದೆ ಮೊದಲು ಫ್ಯಾಕ್ಟರ್ ಕೊಡಿ. ಕೆಳಗೆ ಅವರ ಫೋನ್ ನಂಬರ್. ಡ್ಯೂಟಿ ಡಾಕ್ಟರ್ ಆ ನಂಬರಿಗೆ ಫೋನ್ ಮಾಡಿದರು, ಎರಡು ನಿಮಿಷ ಮಾತಾಡಿದರು, ಕ್ಯಾನುಲಾ ತರಿಸಿದರು. ಗಂಟೆ ಹನ್ನೆರಡೂವರೆ.

ಲೆಕ್ಕ ಹೇಳುತ್ತೇನೆ, ಏಕೆಂದರೆ ಗಾಬರಿಯಲ್ಲಿ ಇದು ಯಾರಿಗೂ ತೋಚುವುದಿಲ್ಲ. ಎಂಟನೇ ಫ್ಯಾಕ್ಟರ್ ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇಕಡಾ 2 ಏರುತ್ತದೆ. ಶೇಕಡಾ 50ಕ್ಕೆ ಏರಿಸಲು ಕಿಲೋಗೆ 25 ಯೂನಿಟ್, ಅಂದರೆ ಮಗನಿಗೆ 650. ವಯಲ್ ಬರುವುದು 250, 500, 1000 ಹೀಗೆ. ಕಲಸಿದ ವಯಲ್‌ನಲ್ಲಿ ಉಳಿದದ್ದನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ, ಹಾಗಾಗಿ ಪೂರ್ತಿ ವಯಲ್‌ಗೆ ಏರಿಸಿ 250ರ ಮೂರು ವಯಲ್, ಅಂದರೆ 750 ಕೊಟ್ಟರು. ವಾರದಲ್ಲಿ ಮೂರು ದಿನ ಮುಂಜಾಗ್ರತೆಗೆ ಫ್ಯಾಕ್ಟರ್ ಹಾಕುತ್ತೇವಲ್ಲ, ಅದು ಸಾಲದೇ ಅಂತ ಕೆಲವರು ಕೇಳಿದರು. ಹಿಂದಿನ ಡೋಸ್ ಹಾಕಿದ್ದು ಎರಡು ದಿನದ ಹಿಂದೆ. ಎಂಟನೇ ಫ್ಯಾಕ್ಟರ್ ಎಂಟರಿಂದ ಹನ್ನೆರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ಬಿದ್ದ ಹೊತ್ತಿಗೆ ಅವನ ಮೈಯಲ್ಲಿ ಉಳಿದಿದ್ದದ್ದು ಅತ್ಯಲ್ಪ.

ಒಂದು ಗಂಟೆಗೆ ಹಲ್ಲಿನ ವಿಭಾಗಕ್ಕೆ ಕರೆದೊಯ್ದರು. ಆ ಡಾಕ್ಟರಮ್ಮನನ್ನು ನಾನು ಎಂದೂ ಮರೆಯುವುದಿಲ್ಲ. ಮಗನಿಗೆ ಲೋಟದಲ್ಲಿದ್ದ ಹಲ್ಲನ್ನು ತೋರಿಸಿ, "ನೋಡು ಮರಿ, ಇದರ ಮನೆ ಇನ್ನೂ ಖಾಲಿ ಇದೆ, ವಾಪಸ್ ಕಳಿಸೋಣ" ಅಂದರು. ವಸಡಿನ ಹತ್ತಿರವೇ ಸಣ್ಣದಾಗಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸಲೈನ್‌ನಲ್ಲಿ ಗುಳಿ ತೊಳೆದು, ಹಲ್ಲನ್ನು ಮೆಲ್ಲಗೆ ಒತ್ತಿ ಕೂರಿಸಿದರು. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಬಾಗುವಂಥ ತೆಳು ತಂತಿಯ ಸ್ಪ್ಲಿಂಟ್ ಅಂಟಿಸಿದರು. ಹರಿದ ಮೇಲ್ದುಟಿಯ ಪೊರೆಗೆ (ಹೌದು, ಅದೇ ಪೊರೆ, ಎರಡನೇ ಸಲ) ತಾನಾಗಿ ಕರಗುವ ದಾರದಲ್ಲಿ ಎರಡು ಹೊಲಿಗೆ. ಕೆಳದವಡೆಯ ಹಿಂಭಾಗಕ್ಕೆ ಆಳವಾಗಿ ಕೊಡುವ ಚುಚ್ಚುಮದ್ದನ್ನು ಮಾತ್ರ ಫ್ಯಾಕ್ಟರ್ ಏರಿಸದೆ ಈ ಮಕ್ಕಳಿಗೆ ಯಾವತ್ತೂ ಕೊಡಬಾರದು, ಒಳಗೇ ರಕ್ತ ಸೇರಿ ಗಂಟಲು ಕಟ್ಟಬಹುದು ಅಂತ ಅವರೇ ತಿಳಿಸಿದರು. ನಾಲಿಗೆಯ ಕೆಳಗೆ ಬಾವು, ಉಗುಳು ನುಂಗಲು ಕಷ್ಟ, ದನಿ ಬದಲಾಗುವುದು, ಇವು ಕಂಡರೆ ಹಲ್ಲಿನ ಚಿಂತೆ ಬಿಟ್ಟು ತುರ್ತು ವಿಭಾಗಕ್ಕೆ ಓಡಬೇಕು.

ಎಲ್ಲ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಮಗ ವಾಂತಿ ಮಾಡಿಕೊಂಡ. ಕಪ್ಪಗೆ, ಗಟ್ಟಿ ಗಟ್ಟಿ. ನುಂಗಿದ ರಕ್ತ ಹೊಟ್ಟೆಗೆ ಒಗ್ಗದೆ ಹೀಗೆ ಬರುತ್ತದೆ. ಆದರೆ ಮುಖ ಅಡಿಯಾಗಿ ಬಿದ್ದ ಮಗು ವಾಂತಿ ಮಾಡಿದರೆ ಅದು ಹೊಟ್ಟೆಯದೋ ತಲೆಯದೋ ಅಂತ ಹೇಗೆ ಹೇಳುವುದು? ರಕ್ತರೋಗ ತಜ್ಞರು ಫೋನಿನಲ್ಲಿ ಒಂದೇ ಮಾತು: ಉಳಿದ ಮೂರು ವಯಲ್ ಈಗಲೇ ಹಾಕಿ, ಆಮೇಲೆ ಸಿಟಿ ಸ್ಕ್ಯಾನ್. ತಲೆಗೆ ಪೆಟ್ಟಿನ ಅನುಮಾನ ಇದ್ದರೆ ಮಟ್ಟವನ್ನು ಶೇಕಡಾ 100ರ ಹತ್ತಿರ ಇಡುತ್ತಾರೆ, ಸ್ಕ್ಯಾನ್ ಮುಗಿಯುವವರೆಗೆ ಕಾಯುವುದಿಲ್ಲ. ಸ್ಕ್ಯಾನ್ ಕೋಣೆಯ ಹೊರಗೆ ಕೂತ ಆ ನಲವತ್ತು ನಿಮಿಷ ನಾನೂ ಇವರೂ ಒಂದು ಮಾತೂ ಆಡಲಿಲ್ಲ. ಇವರು ಖಾಲಿ ವಯಲ್‌ಗಳ ಮೇಲಿನ ಬ್ಯಾಚ್ ನಂಬರ್ ಚೀಟಿಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಮಗನ ಡೈರಿಗೆ ಅಂಟಿಸುತ್ತಾ ಕೂತಿದ್ದರು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ.

ಮುಖಕ್ಕೆ ಪೆಟ್ಟು ಅಂದರೆ ತಲೆಗೂ ಪೆಟ್ಟಾಗಿರಬಹುದು ಅಂತ ನೀವೇ ಮೊದಲು ಬಾಯಿಬಿಟ್ಟು ಹೇಳಿ. ಎಲ್ಲರ ಕಣ್ಣೂ ರಕ್ತ ಸುರಿಯುವ ಬಾಯಿಯ ಮೇಲೇ ಇರುತ್ತದೆ. ನನ್ನದೂ ಅಲ್ಲೇ ಇತ್ತು.

ಆ ಸಂಜೆ ಇನ್ನೆರಡು ಕಡೆ ತಡೆಯಬೇಕಾಯಿತು. ನರ್ಸ್ ಟಿಟಿ ಇಂಜೆಕ್ಷನ್ ಹಿಡಿದು ಬಂದು ತೋಳಿಗೆ ಚುಚ್ಚಲಿದ್ದರು. ಮಾಂಸಖಂಡಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ; ಲಸಿಕೆ ಕಾರ್ಡ್ ತೋರಿಸಿದೆ, ಅವನ ಡೋಸ್‌ಗಳು ಸರಿಯಾಗಿದ್ದದ್ದರಿಂದ ಅದರ ಅಗತ್ಯವೇ ಇರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ನೋವಿಗೆ ಅಂತ ಐಬುಪ್ರೊಫೇನ್ ಬರೆದಿತ್ತು. ಐಬುಪ್ರೊಫೇನ್, ಆಸ್ಪಿರಿನ್ ಇವು ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸಿ ರಕ್ತಸ್ರಾವ ಹೆಚ್ಚಿಸುತ್ತವೆ. ಹೊಡೆದು ಹಾಕಿಸಿ ಪ್ಯಾರಸಿಟಮಾಲ್ ಬರೆಸಿಕೊಂಡೆವು. ಯಾರೂ ಬೇಕೆಂದು ಬರೆದದ್ದಲ್ಲ, ಅಚ್ಚಿನ ಹಾಗೆ ಎಲ್ಲರಿಗೂ ಬರೆಯುವುದನ್ನೇ ಬರೆದಿದ್ದರು. ಚೀಟಿಯಲ್ಲಿರುವ ಒಂದೊಂದು ಔಷಧದ ಹೆಸರನ್ನೂ ಗಟ್ಟಿಯಾಗಿ ಓದಿ ಕೇಳಿ, ಸಂಕೋಚ ಬೇಡ.

ಈಗ ನಾನು ಈ ಬರಹ ಬರೆಯಲು ಮುಖ್ಯ ಕಾರಣವಾದ ವಿಷಯ. ಮೊದಲ ದಿನ ರಕ್ತ ನಿಂತದ್ದನ್ನು ಕಂಡು ನಾವು ಮೈಮರೆತೆವು. ಬಾಯಿಯ ಗಾಯ ಕೈಕಾಲಿನ ಗಾಯದ ಹಾಗಲ್ಲ. ಎಂಜಲಿಗೆ ಹೆಪ್ಪನ್ನು ಕರಗಿಸುವ ಗುಣ ಇದೆ. ಫ್ಯಾಕ್ಟರ್‌ನಿಂದ ಕಟ್ಟಿದ ಹೆಪ್ಪನ್ನು ಎಂಜಲು ದಿನವಿಡೀ ಸವೆಸುತ್ತಾ ಇರುತ್ತದೆ. ಅದನ್ನು ತಡೆಯಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. ಮಗನಿಗೆ ಅವನ ತೂಕಕ್ಕೆ 500 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು ಹೊತ್ತು, ಏಳು ದಿನ. ಜೊತೆಗೆ ಅದೇ ಔಷಧದ ದ್ರಾವಣ ಬಾಯಲ್ಲಿ ಎರಡು ನಿಮಿಷ ಹಿಡಿದು ಉಗುಳುವುದು, ಜೋರಾಗಿ ಮುಕ್ಕಳಿಸದೆ. (ಮೂತ್ರದಲ್ಲಿ ರಕ್ತ ಕಾಣುತ್ತಿರುವ ಮಕ್ಕಳಿಗೆ ಇದನ್ನು ಕೊಡುವುದಿಲ್ಲ, ಡಾಕ್ಟರಿಗೆ ಮೊದಲೇ ತಿಳಿಸಿ.) ಹಗಲಿನ ಎರಡು ಡೋಸ್ ಸರಿಯಾಗಿ ಕೊಟ್ಟೆ. ಮೂರನೆಯದಕ್ಕೆ ಅವನು ಮಲಗಿಬಿಟ್ಟಿರುತ್ತಿದ್ದ. ದಣಿದ ಮಗುವನ್ನು ಎಬ್ಬಿಸಲು ಮನಸ್ಸು ಬರದೆ ಎರಡು ರಾತ್ರಿ ಬಿಟ್ಟೆ.

ನಾಲ್ಕನೇ ರಾತ್ರಿ ಎರಡು ಗಂಟೆಗೆ "ಅಮ್ಮಾ, ಬಾಯಲ್ಲಿ ಏನೋ ಇದೆ" ಅಂದ. ದೀಪ ಹಾಕಿದರೆ ದಿಂಬಿನ ಮೇಲೆ ಅಂಗೈಯಗಲದ ಕಲೆ. ತುಟಿ ಎತ್ತಿ ನೋಡಿದೆ. ಹೊಲಿಗೆಯ ಮೇಲೆ ಕಡುಗೆಂಪು, ಹೊಳೆಯುವ, ಅಲ್ಲಾಡುವ ಗಡ್ಡೆ, ನೇರಳೆ ಹಣ್ಣಿನಷ್ಟು ದಪ್ಪ. ಅದರ ಅಂಚಿನಿಂದ ಎಳೆ ಎಳೆಯಾಗಿ ರಕ್ತ ಒಸರುತ್ತಿತ್ತು. ಇದು ಹೆಪ್ಪು, ಗಾಯವನ್ನು ಮುಚ್ಚಿದೆ, ಮುಟ್ಟಬಾರದು ಅಂತ ನನ್ನ ಎಣಿಕೆ. ಅದು ತಪ್ಪಾಗಿತ್ತು. ಗಾಯಕ್ಕೆ ಅಂಟಿ ಕೂತ ಗಟ್ಟಿ ಹೆಪ್ಪು ಬೇರೆ. ಹೀಗೆ ಮೆತ್ತಗೆ ಜೋತಾಡುವುದು ಯಾವುದನ್ನೂ ಮುಚ್ಚಿರುವುದಿಲ್ಲ, ಅದರಡಿಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಅದನ್ನು ತೆಗೆದು ಶುಚಿಗೊಳಿಸಿದರೆ ಮಾತ್ರ ನಿಲ್ಲುವುದು. ಮನೆಯಲ್ಲಿ ಫ್ಯಾಕ್ಟರ್ ಇರಲಿಲ್ಲ. ಆರೂ ವಯಲ್ ಮೊದಲ ದಿನವೇ ಖಾಲಿಯಾಗಿ, ಹೊಸದಕ್ಕೆ ಬರೆಸಿಕೊಟ್ಟ ಅರ್ಜಿ ಇನ್ನೂ ಓಡಾಡುತ್ತಿತ್ತು. ಆಸ್ಪತ್ರೆಯಲ್ಲಿ ಬೇರೆ ಕಡೆಯಿಂದ ತರಿಸಿ ಮತ್ತೆ ಡೋಸ್ ಕೊಟ್ಟು, ಒದ್ದೆ ಗಾಜ್‌ನಿಂದ ಗಡ್ಡೆ ತೆಗೆದು, ಟ್ರಾನೆಕ್ಸಾಮಿಕ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಇಪ್ಪತ್ತು ನಿಮಿಷ ಒತ್ತಿ ಹಿಡಿಸಿದರು. ಹಿಡಿದದ್ದು ನಾನೇ. ತುಟಿಯ ಮೇಲೆ ನನ್ನ ಬೆರಳು, ನನ್ನ ಮಣಿಕಟ್ಟಿನ ಮೇಲೆ ಅವನ ಕೈ. ಮಧ್ಯೆ ತೆಗೆದು ನೋಡಬಾರದು ಅನ್ನುವುದೇ ಅತಿ ಕಷ್ಟದ ಭಾಗ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಇಳಿದಿತ್ತು, ಆದರೆ ರಕ್ತ ಕೊಡಿಸುವಷ್ಟು ಅಲ್ಲ.

ಅಲ್ಲಿಂದ ಮುಂದೆ ರಾತ್ರಿ ಡೋಸ್‌ಗೆ ಅಲಾರಂ ಇಟ್ಟೆವು. ಊಟವೆಲ್ಲ ಮೆತ್ತಗೆ, ಬಿಸಿ ಆರಿಸಿ. ಸ್ಟ್ರಾ ಬೇಡ, ಹೀರಿದರೆ ಹೆಪ್ಪು ಕಿತ್ತುಬರುತ್ತದೆ. ಹೊಲಿಗೆಯನ್ನು ನಾಲಿಗೆಯಿಂದ ತಡಕುವುದು ಬೇಡ ಅಂತ ಎಂಟು ವರ್ಷದವನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹಲ್ಲುಜ್ಜುವುದನ್ನು ಮಾತ್ರ ನಿಲ್ಲಿಸಲಿಲ್ಲ. ರಕ್ತ ಬಂದೀತು ಅಂತ ಬ್ರಷ್ ಬಿಟ್ಟರೆ ವಸಡು ಊದಿ ಇನ್ನೂ ಹೆಚ್ಚು ರಕ್ತ ಬರುತ್ತದೆ. ಮೆತ್ತನೆಯ ಬ್ರಷ್, ಗಾಯದ ಜಾಗದಲ್ಲಿ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿದ ಹತ್ತಿ.

ನಿಮ್ಮ ಮಗುವಿನ ತೊಂದರೆ ನಮ್ಮದೇ ಆಗಿರಬೇಕಿಲ್ಲ. ಹಿಮೋಫಿಲಿಯಾ ಬಿ ಇದ್ದವರಿಗೆ ಒಂಬತ್ತನೇ ಫ್ಯಾಕ್ಟರ್, ಅದರ ಲೆಕ್ಕ ಬೇರೆ: ಕಿಲೋಗೆ ಒಂದು ಯೂನಿಟ್‌ಗೆ ಸುಮಾರು ಶೇಕಡಾ 1 ಅಷ್ಟೇ ಏರುತ್ತದೆ. ಸೌಮ್ಯ ಹಿಮೋಫಿಲಿಯಾ ಎ ಅಥವಾ ವಾನ್ ವಿಲ್ಲೆಬ್ರಾಂಡ್ ಅನ್ನುವ ಇನ್ನೊಂದು ರಕ್ತಸ್ರಾವದ ಕಾಯಿಲೆಯ ಒಂದನೇ ಬಗೆ ಇದ್ದ ಹಲವು ಮಕ್ಕಳಿಗೆ ಡೆಸ್ಮೊಪ್ರೆಸಿನ್ ಅನ್ನುವ ಔಷಧವೇ ಸಾಕಾಗುತ್ತದೆ, ಆದರೆ ಕೊಟ್ಟ ಮೇಲೆ ಡಾಕ್ಟರ್ ಹೇಳಿದಷ್ಟೇ ನೀರು ಕುಡಿಸಬೇಕು. ಇನ್ಹಿಬಿಟರ್ ಬೆಳೆದಿರುವ ಮಗುವಿಗೆ ಮಾಮೂಲಿ ಫ್ಯಾಕ್ಟರ್ ಹಿಡಿಯುವುದಿಲ್ಲ, ಬೇರೆ ಔಷಧ ಬೇಕು. ರಕ್ತಸ್ರಾವ ತಡೆಯಲು ಮುಂಜಾಗ್ರತೆಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಅನ್ನುವ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ಅದರ ಜೊತೆ ಕೆಲವು ಔಷಧ ಸೇರಿದರೆ ರಕ್ತನಾಳದೊಳಗೇ ಹೆಪ್ಪುಗಟ್ಟುವ ಅಪಾಯ ಇದೆ, ಮಾಮೂಲಿ ಹೆಪ್ಪುಗಟ್ಟುವ ಪರೀಕ್ಷೆಯ ವರದಿಯೂ ದಾರಿ ತಪ್ಪಿಸುತ್ತದೆ.

ಖರ್ಚಿನಲ್ಲಿ ಮುಕ್ಕಾಲು ಪಾಲು ಫ್ಯಾಕ್ಟರ್‌ನದೇ. ಹಲ್ಲು ಕೂರಿಸಿದ್ದು, ಸ್ಪ್ಲಿಂಟ್, ಎಕ್ಸ್‌ರೇ ಎಲ್ಲ ಸೇರಿದರೂ ಅದರ ಮುಂದೆ ಸಣ್ಣದು. ಇಬ್ಬರಿಗೂ ರಜೆ ಕಳೆದದ್ದು, ಓಡಾಟ, ಇವು ಬಿಲ್ಲಿನಲ್ಲಿ ಬರುವುದಿಲ್ಲ. ಹೊಸ ವಯಲ್‌ಗಳಿಗೆ ಅರ್ಜಿ ಹಾಕುವಾಗ ಮೊದಲು ಬಳಸಿದ್ದಕ್ಕೆ ದಾಖಲೆ ಕೇಳಿದರು: ದಿನ, ಗಂಟೆ, ಕಾರಣ, ಬ್ಯಾಚ್ ನಂಬರ್, ಕೊಟ್ಟವರ ಸಹಿ. ಸ್ಕ್ಯಾನ್ ಕೋಣೆಯ ಹೊರಗೆ ಇವರು ಅಂಟಿಸಿದ್ದ ಚೀಟಿಗಳಿಂದ ಆ ಕೆಲಸ ಒಂದೇ ಸಲಕ್ಕೆ ಮುಗಿಯಿತು. ಡಿಸ್ಚಾರ್ಜ್ ಸಾರಾಂಶ, ತೂಕ, ಇನ್ಹಿಬಿಟರ್‌ನ ಇತ್ತೀಚಿನ ವರದಿ, ಲಸಿಕೆ ಕಾರ್ಡ್, ರಕ್ತರೋಗ ತಜ್ಞರ ಪತ್ರ, ಇಷ್ಟನ್ನು ಒಂದೇ ಫೈಲಿನಲ್ಲಿಟ್ಟು, ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಂಡಿದ್ದೇವೆ. ಪತ್ರದ ಒಂದು ಪ್ರತಿ ಶಾಲೆಯಲ್ಲಿದೆ, ಇನ್ನೊಂದು ಆ ಹಲ್ಲಿನ ಡಾಕ್ಟರಮ್ಮನ ಹತ್ತಿರ. ಅವರೂ ರಕ್ತರೋಗ ತಜ್ಞರೂ ಈಗ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಬೀಳುವ ಮೊದಲೇ ಅವರಿಬ್ಬರ ಪರಿಚಯ ಮಾಡಿಸಿದ್ದರೆ ಆ ಬೆಳಿಗ್ಗೆ ಒಂದು ಗಂಟೆ ಉಳಿಯುತ್ತಿತ್ತು.

ಎರಡು ವಾರಕ್ಕೆ ಸ್ಪ್ಲಿಂಟ್ ತೆಗೆಸಿದೆವು. ಮಗನಿಗೆ ಫ್ಯಾಕ್ಟರ್ ಹಾಕುವ ದಿನವೇ, ಬೆಳಿಗ್ಗೆ ಡೋಸ್ ಹಾಕಿಸಿ ನೇರವಾಗಿ ಹೋದದ್ದರಿಂದ ಬೇರೆ ಡೋಸ್ ಬೇಕಾಗಲಿಲ್ಲ. ಹಲ್ಲಿನ ಭೇಟಿಗಳನ್ನೆಲ್ಲ ಈಗ ಹಾಗೆಯೇ ಹೊಂದಿಸುತ್ತೇವೆ. ಆಟಕ್ಕೆ ಮೌತ್‌ಗಾರ್ಡ್ ಮಾಡಿಸಿದ್ದೇವೆ. ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುವ ವಯಸ್ಸಾದ್ದರಿಂದ ಆಗಾಗ ಹೊಸದು ಮಾಡಿಸಬೇಕಾಗುತ್ತದೆ. ಓಡುವುದನ್ನು ನಿಲ್ಲಿಸಿಬಿಡಿ ಅಂದವರೂ ಇದ್ದಾರೆ. ನಿಲ್ಲಿಸಿಲ್ಲ.

ಕೂರಿಸಿದ ಹಲ್ಲು ಬದುಕಿತೋ ಇಲ್ಲವೋ ಅಂತ ತಿಳಿಯಲು ಮಾತ್ರ ಕಾಯಲೇಬೇಕಿತ್ತು. ಬೇರಿನ ಬಾಯಿ ತೆರೆದಿರುವುದರಿಂದ ಒಳಗೆ ರಕ್ತ ಸಂಚಾರ ಮತ್ತೆ ಶುರುವಾಗುವ ಸಾಧ್ಯತೆ ಇದೆ, ಆಗದಿದ್ದರೆ ಬೇರಿನ ಚಿಕಿತ್ಸೆ ಮಾಡಬೇಕಾಗುತ್ತದೆ ಅಂದಿದ್ದರು. ಪ್ರತಿ ಭೇಟಿಯಲ್ಲೂ ಎಕ್ಸ್‌ರೇ, ಆಮೇಲೆ ತಣ್ಣಗೆ ಮಾಡಿದ ಹತ್ತಿಯ ಉಂಡೆಯನ್ನು ಹಲ್ಲಿಗೆ ಮುಟ್ಟಿಸಿ "ಗೊತ್ತಾದ್ರೆ ಕೈ ಎತ್ತು ಮರಿ" ಅನ್ನುವುದು. ಮೊದಲ ತಿಂಗಳು ಪಕ್ಕದ ಹಲ್ಲಿಗೆ ಕೈ ಎತ್ತಿದ, ಇದಕ್ಕೆ ಎತ್ತಲಿಲ್ಲ. ಎರಡನೇ ತಿಂಗಳೂ ಇಲ್ಲ. ಕಳೆದ ವಾರ ಮೂರನೇ ತಿಂಗಳ ಭೇಟಿ. ಹತ್ತಿ ಮುಟ್ಟಿಸಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ಕಣ್ಣು ಹೊರಳಿಸಿ, ಬಲಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದ. ಡಾಕ್ಟರಮ್ಮ ಖಾತ್ರಿಗೆ ಅಂತ ಇನ್ನೊಂದು ಸಲ ಮುಟ್ಟಿಸಿದರು. ಮತ್ತೆ ಎತ್ತಿದ.